ಹದಿನೇಳು ನುಂಗಿದ ಕೊಲೆಗಾರ

ಗಾಸ್ಪರೆ ಪಲೊಂಬಾ ಸಿನಿಮಾಗಳಲ್ಲಿ ಎಷ್ಟು ಸಲ ಸತ್ತಿದ್ದನೆಂಬ ಲೆಕ್ಕ ಅವನಿಗೇ ತಪ್ಪಿಹೋಗಿತ್ತು. ಸ್ನಾನದ ತೊಟ್ಟಿಯಲ್ಲಿ ಸತ್ತಿದ್ದ, ಲಿಫ್ಟಿನಲ್ಲಿ ಸತ್ತಿದ್ದ, ಒಮ್ಮೆ ಗೊಂಬೆ ಅಂಗಡಿಯಲ್ಲಿ ಸಾಲು ಸಾಲು ಗೊಂಬೆಗಳ ಕಣ್ಣೆದುರೇ ಸತ್ತಿದ್ದ. ಪರದೆಯ ಹಿಂದಿನಿಂದ ಕಪ್ಪು ಕೈಗವಸಿನ ಕೈಯೊಂದು ಬರುತ್ತಿತ್ತು, ಕ್ಷೌರದ ಕತ್ತಿ ಮಿಂಚುತ್ತಿತ್ತು, ಗಾಸ್ಪರೆ ಬಾಯಿ ತೆರೆದು ಬೀಳುತ್ತಿದ್ದ. ಬೀಳುವ ತನಕ ಅವನ ಕೆಲಸ ಒಂದೇ, ನೋಡುವವರಿಗೆ ಅನುಮಾನ ಹುಟ್ಟಿಸುವುದು. ಎದುರುಮನೆಯ ಕಿಟಕಿಗೆ ಕಣ್ಣು ನೆಟ್ಟ ಬ್ರಹ್ಮಚಾರಿ, ಹಳೆ ಸಾಮಾನುಗಳ ವ್ಯಾಪಾರಿ, ಬೆಕ್ಕು ಸಾಕಿಕೊಂಡ ಔಷಧಿ ಅಂಗಡಿಯವ. ಅವನ ಉದ್ದ ಮೂಗು, ಒದ್ದೆಯಾದಂತೆ ಕಾಣುವ ಕಣ್ಣು ತೆರೆಯ ಮೇಲೆ ಬಂದೊಡನೆ ಜನ "ಇವನೇ ಕಣೋ" ಎಂದು ಪಿಸುಗುಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಅವನು ಕೊಲೆಯಾಗಿ, ತಾನು ನಿರಪರಾಧಿ ಎಂದು ತೋರಿಸಿಕೊಡುತ್ತಿದ್ದ. ಆ ವರ್ಷಗಳಲ್ಲಿ ರೋಮಿನ ಸಿನಿಮಾದಲ್ಲಿ ನಿರಪರಾಧಿ ಎನಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ.

ಭಿತ್ತಿಪತ್ರಗಳಲ್ಲಿ ಅವನ ಹೆಸರು ಜಾಸ್ಪರ್ ಪಾಮರ್. ಇಟಲಿಯವನೊಬ್ಬ ಇಟಲಿಯ ಕತ್ತಿಗೆ ಸತ್ತರೆ ಅದನ್ನು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲವೆಂದು ನಿರ್ಮಾಪಕರು ನಂಬಿದ್ದರು. ಹೀಗಾಗಿ ಹೆಸರು ಅವನದಲ್ಲ. ಧ್ವನಿಯೂ ಅವನದಲ್ಲ. ಚಿತ್ರೀಕರಣದ ಹೊತ್ತಿನಲ್ಲಿ ಶಬ್ದ ಹಿಡಿಯುವ ರೂಢಿಯೇ ಅಲ್ಲಿರಲಿಲ್ಲ. ಕ್ಯಾಮೆರಾ ಓಡುತ್ತಿದ್ದರೆ ಪಕ್ಕದಲ್ಲೇ ಬಡಗಿಗಳು ಮೊಳೆ ಹೊಡೆಯುತ್ತಿದ್ದರು. ಜರ್ಮನಿಯವನು ಜರ್ಮನ್ ಭಾಷೆಯಲ್ಲಿ ಪ್ರೀತಿ ಹೇಳಿಕೊಂಡರೆ ಸ್ಪೇನಿನವಳು ಸ್ಪ್ಯಾನಿಶ್‌ನಲ್ಲಿ ಒಪ್ಪಿಕೊಳ್ಳುತ್ತಿದ್ದಳು. ಮಾತು ಮರೆತವರು ಒಂದು, ಎರಡು, ಮೂರು ಎಂದು ಎಣಿಸಿ ತುಟಿ ಆಡಿಸುತ್ತಿದ್ದರು. ಆಮೇಲೆ ಕತ್ತಲೆ ಕೋಣೆಯೊಂದರಲ್ಲಿ ಬೇರೆಯವರು ನಿಂತು ಎಲ್ಲರ ಬಾಯಿಗೂ ಮಾತು ತುಂಬುತ್ತಿದ್ದರು. ಗಾಸ್ಪರೆಯ ಬಾಯಿಗೆ ತುಂಬುತ್ತಿದ್ದವನು ಅರ್ಮಾಂದೊ ಕವಲ್ಕಾಬೊ. ಸಂತರ ಚರಿತ್ರೆಯನ್ನೂ ಸಾಬೂನಿನ ಜಾಹೀರಾತನ್ನೂ ಒಂದೇ ಗಾಂಭೀರ್ಯದಲ್ಲಿ ಹೇಳುವ, ಎಣ್ಣೆ ಹಚ್ಚಿದ ಬಾಗಿಲಿನಂಥ ಧ್ವನಿ ಅವನದು. ಗಾಸ್ಪರೆಯ ಸ್ವಂತ ಧ್ವನಿ ಸಣ್ಣದು, ಒರಟು. ಅವನು ಬಾಯಿ ತೆರೆದರೆ ಹುಟ್ಟೂರು ತೋರ್ರೆ ದೆಲ್ ಗ್ರೆಕೊದ ಮೀನು ಮಾರುಕಟ್ಟೆ ಕೇಳಿಸುತ್ತದೆಂದು ಡಬ್ಬಿಂಗ್ ಮಂದಿ ನಗುತ್ತಿದ್ದರು.

ಅವನಿಗೆ ಇದರಿಂದ ಬೇಸರವಿರಲಿಲ್ಲ. ಬೇಸರ ಇದ್ದದ್ದು ತಾಯಿಯಿಂದ.

ತೋರ್ರೆಯಲ್ಲಿ ಮಗಳು ನುನ್ಸಿಯಾಳ ಜೊತೆಗಿದ್ದ ದೊನ್ನಾ ರೆಸ್ತಿತೂತಾಳಿಗೆ ಎಂಬತ್ತು ದಾಟಿತ್ತು, ಕಣ್ಣು ಪೂರ್ತಿ ಹೋಗಿತ್ತು. ಕಣ್ಣಿದ್ದ ಕಾಲದಲ್ಲಿ ಮಗ ನಾಟಕದ ಕಂಪನಿಯ ಜೊತೆ ಊರೂರು ಸುತ್ತುತ್ತಿದ್ದ; ಅವನು ಸಿನಿಮಾ ಸೇರುವ ಹೊತ್ತಿಗೆ ಅವಳ ಕಣ್ಣು ಮುಚ್ಚಿತ್ತು. ಆದರೂ ಅವನ ಪ್ರತಿ ಚಿತ್ರಕ್ಕೂ ಮಗಳ ತೋಳು ಹಿಡಿದು ಹೋಗುತ್ತಿದ್ದಳು. "ಅವ್ವಾ, ಅಗೋ ಗಾಸ್ಪರೆ ಬಂದ, ಮೆಟ್ಟಿಲು ಹತ್ತುತಾ ಇದಾನೆ" ಎಂದು ನುನ್ಸಿಯಾ ಕಿವಿಯಲ್ಲಿ ಹೇಳುತ್ತಿದ್ದಳು. ಅಷ್ಟರಲ್ಲಿ ಕವಲ್ಕಾಬೊನ ಧ್ವನಿ ಮೊಳಗುತ್ತಿತ್ತು. ಮುದುಕಿ ಮುಖ ಸಿಂಡರಿಸುತ್ತಿದ್ದಳು. ಮನೆಗೆ ಬಂದ ಮಗನಿಗೆ ಅವಳು ಹೇಳುವುದು ಪ್ರತಿ ಸಲವೂ ಒಂದೇ.

"ಅದ್ಯಾವನೋ ಮಿಲಾನಿನ ಸಾಹುಕಾರ ಸತ್ತ ಕಣ್ಲಾ. ಒಳ್ಳೇ ಗಂಟ್ಲು. ನೀನು ಎಲ್ಲಿದ್ದೆ?"

"ಅದು ನಾನೇ ಅವ್ವಾ."

"ನನ್ ಕಣ್ಣು ಹೋಗೈತೆ, ಕಿವಿ ಹೋಗಿಲ್ಲ. ರೋಮಿನಾಗೆ ಏನ್ ಕೆಲಸ ಮಾಡ್ತೀಯ ನಿಜ ಹೇಳು. ಹೋಟ್ಲಾಗೆ ಲೋಟ ತೊಳೆದ್ರೂ ನಾನೇನೂ ಅನ್ಕಳಾಕಿಲ್ಲ."

ಓಣಿಯ ಹೆಂಗಸರೆಲ್ಲ ಸಾಕ್ಷಿ ಹೇಳಿದರೂ ಮುದುಕಿ ಒಪ್ಪಲಿಲ್ಲ. ಅವರೂ ಸೇರಿಕೊಂಡು ತನಗೆ ನೋವಾಗದಿರಲೆಂದು ಸುಳ್ಳು ಹೇಳುತ್ತಿದ್ದಾರೆಂದು ಅವಳ ತೀರ್ಮಾನ. ಅವಳು ಸಾಯುವುದರೊಳಗೆ ಒಂದೇ ಒಂದು ಸಲ ತೆರೆಯ ಮೇಲಿನಿಂದ ತನ್ನ ಧ್ವನಿ ಅವಳಿಗೆ ಕೇಳಿಸಬೇಕು. ಗಾಸ್ಪರೆಗೆ ಆ ವಯಸ್ಸಿನಲ್ಲಿ ಉಳಿದಿದ್ದ ಆಸೆ ಇಷ್ಟೇ.

ಹೀಗಿರುವಾಗ ನಿರ್ದೇಶಕ ಎಲ್ವಿಯೊ ತ್ರಾಸ್ಮೊಂದಿ ಅವನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು, ಕಿಟಕಿಯ ಗಾಜು ಏರಿಸಿ, ಗುಟ್ಟಿನ ಧ್ವನಿಯಲ್ಲಿ ಹೇಳಿದ:

"ಗಾಸ್ಪರೆ, ಈ ಸಲ ಕೊಲೆಗಾರ ನೀನೇ."

ಗಾಸ್ಪರೆ ಏರಿಸಿದ ಗಾಜನ್ನೇ ನೋಡಿದ. ಕಾರಿನಲ್ಲಿ ಸಿಗಾರಿನ ವಾಸನೆ ತುಂಬಿತ್ತು.

"ಯಾಕಯ್ಯಾ, ಖುಷಿ ಆಗಲಿಲ್ವಾ?"

"ಕೊಲೆಗಾರನಿಗೆ ಕೊನೇಲಿ ತಪ್ಪೊಪ್ಪಿಗೆ ಇರುತ್ತಲ್ಲ, ಮಾಯೆಸ್ತ್ರೊ?"

"ಇರುತ್ತೆ ಮತ್ತೆ! ಗೋಪುರದ ತುದೀಲಿ, ಗಾಳೀಲಿ, ಕ್ಯಾಮೆರಾ ಮೂಗಿನ ಹತ್ರ. ಇಡೀ ಒಂದು ಪುಟ. ಆದ್ರೆ ಯಾರ ಹತ್ರಾನೂ ಬಾಯಿ ಬಿಡಬೇಡ. ನಿನ್ನ ಹೆಂಡ್ತಿ ಹತ್ರಾನೂ."

"ನಂಗೆ ಹೆಂಡ್ತಿ ಇಲ್ಲ."

"ಒಳ್ಳೇದೇ ಆಯ್ತು."

"ಒಂದು ಕೇಳ್ಕೋಬೇಕು. ಆ ಒಂದು ಪುಟ ನನ್ನ ಧ್ವನೀಲೇ ಇರಲಿ. ಕವಲ್ಕಾಬೊ ಬೇಡ."

ತ್ರಾಸ್ಮೊಂದಿ ಅವನ ಮಂಡಿ ತಟ್ಟಿದ. ಸಿನಿಮಾದವರು ಮಂಡಿ ತಟ್ಟಿದರೆ ಅದನ್ನು ಹೌದು ಎಂದೂ ತಿಳಿಯಬಹುದು, ಕಾರಿನಿಂದ ಇಳಿ ಎಂದೂ ತಿಳಿಯಬಹುದು. ಗಾಸ್ಪರೆ ಹೌದೆಂದು ತಿಳಿದು ಇಳಿದ.

ಚಿತ್ರದ ಹೆಸರು 'ಮುಳ್ಳುಹಂದಿಗೆ ನಿದ್ರೆಯಿಲ್ಲ'. ಆ ವರ್ಷ ಶೀರ್ಷಿಕೆಯಲ್ಲಿ ಒಂದು ಪ್ರಾಣಿ ಇರದಿದ್ದರೆ ಚಿತ್ರಮಂದಿರದವರು ಬಾಗಿಲನ್ನೇ ತೆರೆಯುತ್ತಿರಲಿಲ್ಲ. ಹಲ್ಲಿ, ಜೇಡ, ಬಾವಲಿ ಎಲ್ಲ ಮೊದಲೇ ಬೇರೆಯವರ ಪಾಲಾಗಿದ್ದವು. ನಿರ್ಮಾಪಕ ಕೊಮೆಂದಾತೋರೆ ಗ್ವಾದಲೂಪಿ ಮೊದಲು ಹೆಸರು ಮಾರಿದ, ಆಮೇಲೆ ಭಿತ್ತಿಪತ್ರ ಬರೆಸಿದ, ಆಮೇಲೆ ಕತೆ ಹುಡುಕಲು ತ್ರಾಸ್ಮೊಂದಿಗೆ ಹೇಳಿದ. ಕತೆಯಲ್ಲಿ ಮುಳ್ಳುಹಂದಿಗೆ ಜಾಗವೇ ಸಿಗಲಿಲ್ಲ. ಹೆಸರಿಗೆ ಅಪಚಾರವಾಗಬಾರದೆಂದು ಒಂದನ್ನು ಬಾಡಿಗೆಗೆ ತಂದು ಮೊದಲ ಹೆಣದ ಪಕ್ಕ ಬಿಟ್ಟರು. ಅದು ಸುರುಳಿ ಸುತ್ತಿಕೊಂಡು ಚಿತ್ರೀಕರಣ ಮುಗಿಯುವವರೆಗೂ ನಿದ್ರಿಸಿತು.

ಗಾಸ್ಪರೆ ಮಾತ್ರ ನಿದ್ರಿಸಲಿಲ್ಲ. ಕೊಲೆಗಾರನ ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ಓಡಾಡುವುದೆಂದರೆ ಏನೆಂದು ಅವನಿಗೆ ಮೊದಲ ಬಾರಿಗೆ ತಿಳಿಯಿತು. ಅವನ ನಟನೆ ಬದಲಾಯಿತು. ಮೊದಲೆಲ್ಲ ಕಣ್ಣು ತಿರುಗಿಸಿ, ಕೈ ಹೊಸೆದು ಅನುಮಾನ ಹುಟ್ಟಿಸುತ್ತಿದ್ದವನು ಈಗ ಏನೂ ಮಾಡದೆ ನಿಂತ. ಹೆಣದ ಮುಂದೆ ನಿಂತು ಹೆಣವನ್ನು ನೋಡಿದ, ಅಷ್ಟೇ. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರಕ್ಕೆ ಮುನ್ನ ಒಂದು ಉಸಿರು ಬಿಟ್ಟ. ಆ ಉಸಿರಿನೊಳಗೆ ಏನೋ ಇತ್ತು. ಛಾಯಾಗ್ರಾಹಕ ಕೂಡ ಕಣ್ಣು ಎತ್ತಿ ನೋಡಿದ. ಇಪ್ಪತ್ತು ವರ್ಷ ಮಾತು ಕಲಿತವನು ತಾನು, ಮಾತಿಲ್ಲದಾಗಲೇ ಚೆನ್ನಾಗಿದ್ದೇನೆ ಎಂಬ ಯೋಚನೆ ಬಂದಾಗ ಗಾಸ್ಪರೆಗೆ ಕಸಿವಿಸಿಯಾಯಿತು. ಅದನ್ನು ಅವನು ಬೇಗ ಪಕ್ಕಕ್ಕೆ ಸರಿಸಿದ.

ಮಧ್ಯಾಹ್ನದ ಊಟದ ಬುಟ್ಟಿಗಳು ಬಂದಾಗ ಗುಟ್ಟು ಒಡೆಯಿತು. ಸ್ಪೇನಿನಿಂದ ಬಂದಿದ್ದ ಪಾದ್ರಿ ಪಾತ್ರದ ನಟ ಕೋಳಿಕಾಲು ಕಚ್ಚುತ್ತ, ಹರಕು ಇಟಾಲಿಯನ್‌ನಲ್ಲಿ ಗಾಸ್ಪರೆಗೆ ಪಿಸುಗುಟ್ಟಿದ:

"ಅಣ್ಣಾ, ನಿನ್ನ ಮುಖ ನೋಡಿದ್ರೆ ಪಾಪ ಅನ್ಸುತ್ತೆ, ಅದಕ್ಕೇ ಹೇಳ್ತೀನಿ. ಕೊಲೆಗಾರ ನಾನು."

ಜರ್ಮನಿಯ ಡಾಕ್ಟರ್ ಪಾತ್ರದವನು ತಿರುಗಿದ. "ಏನಂದ್ರಿ? ನಾನು ಅಲ್ವಾ?"

ಕಾಲು ಕುಂಟುವ ಚಿಕ್ಕಮ್ಮನ ಪಾತ್ರದ ಫ್ರೆಂಚ್ ಹೆಂಗಸು ಬ್ರೆಡ್ಡಿನ ತುಂಡನ್ನು ಕೆಳಗಿಟ್ಟಳು. "ಅಯ್ಯೋ ದೇವರೇ. ನನ್ನನ್ನೂ ಕಾರಲ್ಲೇ ಕೂರಿಸ್ಕೊಂಡಿದ್ದ."

ನಾಲ್ವರೂ ತ್ರಾಸ್ಮೊಂದಿಯ ಮುಂದೆ ಹೋಗಿ ನಿಂತರು. ಅವನು ಆಗ ಕಪ್ಪು ಕೈಗವಸು ತೊಟ್ಟುಕೊಂಡು, ತಾನೇ ಒಂದು ಕುತ್ತಿಗೆ ಹಿಚುಕುವ ಸಿದ್ಧತೆಯಲ್ಲಿದ್ದ. ಕೊಲೆಗಾರನ ಕೈಗಳು ಯಾವಾಗಲೂ ಅವನವೇ. ಅದು ಅವನ ಹಟ. ಬೇರೆಯವರ ಬೆರಳುಗಳಿಗೆ ಭಾವವೇ ಇಲ್ಲವೆಂದು ಅವನ ದೂರು.

"ಎಲ್ಲರಿಗೂ ಹೇಳಿದೀನಿ, ನಿಜ," ಎಂದ ತ್ರಾಸ್ಮೊಂದಿ, ಸ್ವಲ್ಪವೂ ನಾಚದೆ. "ಕೊಲೆಗಾರ ಯಾರು ಅಂತ ನಂಗೇ ಗೊತ್ತಿಲ್ಲ, ನಿಮಗೆ ಏನು ಅಂತ ಹೇಳಲಿ? ನಾಲ್ಕು ಜನರದ್ದೂ ತಪ್ಪೊಪ್ಪಿಗೆ ತೆಗೀತೀನಿ. ಯಾರದು ಚೆನ್ನಾಗಿ ಬರುತ್ತೋ ಅವರೇ."

"ಮತ್ತೆ ಕೊಲೆಗೆ ಕಾರಣ?" ಎಂದ ಜರ್ಮನಿಯವನು. ಅವನು ಶಿಸ್ತಿನ ಮನುಷ್ಯ.

"ಕಾರಣಕ್ಕೇನು, ಬಾಲ್ಯದಲ್ಲಿ ಏನಾದ್ರೂ ನೋಡಿರ್ತೀರ. ಯಾರು ನೋಡಿರಲ್ಲ?"

ಗೋಪುರದ ಮೇಲೆ ಗಾಸ್ಪರೆಯ ಸರದಿ ಕೊನೆಯದಾಗಿ ಬಂತು. ಉಳಿದ ಮೂವರು ತಂತಮ್ಮ ಭಾಷೆಯಲ್ಲಿ ಅತ್ತು, ನಕ್ಕು, ಹುಚ್ಚರಾಗಿ ಮುಗಿಸಿದ್ದರು. ಬೆಳಕು ಇಳಿಯುತ್ತಿತ್ತು. ಗಾಸ್ಪರೆ ಮುಂಜಾನೆಯಿಂದ ಬಾಯಲ್ಲಿ ನೀರಿಟ್ಟುಕೊಂಡು ಗಂಟಲು ಸರಿಮಾಡಿಕೊಂಡಿದ್ದ. ಆದರೆ ಅವನ ಪುಟ ಬಂದಿರಲಿಲ್ಲ. ಬರೆಯುವವನು ಪಕ್ಕದ ಸ್ಟುಡಿಯೋದಲ್ಲಿ ಇನ್ನೊಂದು ಚಿತ್ರದ ಕೊಲೆಗಾರನಿಗೆ ಬಾಲ್ಯ ಹೊಂದಿಸುತ್ತಿದ್ದ.

"ಪುಟ ಇಲ್ದೆ ಏನು ಹೇಳ್ಲಿ?"

"ಎಣಿಸು."

"ತಪ್ಪೊಪ್ಪಿಗೆ, ಮಾಯೆಸ್ತ್ರೊ! ತಪ್ಪೊಪ್ಪಿಗೇನ ಎಣಿಸೋದಾ?"

"ನಿಂಗೆ ಬೇಕಾಗಿರೋದು ಕಣ್ಣು, ತುಟಿ. ಮಾತು ಆಮೇಲೆ ನೋಡ್ಕೊಳ್ಳೋಣ. ಬೆಳಕು ಹೋಗ್ತಾ ಇದೆ ಮಾರಾಯಾ, ಎಣಿಸು!"

ಗಾಸ್ಪರೆ ಕ್ಯಾಮೆರಾದ ಕಡೆ ತಿರುಗಿದ. ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ಎಣಿಸುತ್ತಿದ್ದರು. ಆದರೆ ಅವನು ದೊನ್ನಾ ರೆಸ್ತಿತೂತಾಳ ಮಗ. ಪ್ರತಿ ಕ್ರಿಸ್ಮಸ್‌ಗೂ ಓಣಿಯ ಮನೆಗಳೆಲ್ಲ ಅವರ ಅಡುಗೆಮನೆಯಲ್ಲಿ ಸೇರಿ ತೊಂಬೊಲಾ ಆಡುತ್ತಿದ್ದವು. ಬುಟ್ಟಿಯಿಂದ ಅಂಕೆಯ ಬಿಲ್ಲೆ ತೆಗೆದು ಕೂಗುವವಳು ಅವಳು. ಎದುರಿಗಿದ್ದವರು ತಮ್ಮ ಚೀಟಿಯಲ್ಲಿ ಆ ಅಂಕೆ ಇದ್ದರೆ ಅದರ ಮೇಲೆ ಹುರುಳಿಕಾಳಿಡುತ್ತಿದ್ದರು. ಅಲ್ಲಿ ಪ್ರತಿ ಅಂಕೆಗೂ ಒಂದು ಅರ್ಥ. ಮೂರೆಂದರೆ ಬೆಕ್ಕು, ನಾಲ್ಕು ಹಂದಿ, ಎಂಟು ಮಾತೆ ಮರಿಯಮ್ಮ, ಹದಿನಾಲ್ಕು ಕುಡುಕ, ಹದಿನೆಂಟು ರಕ್ತ, ಇಪ್ಪತ್ತೆರಡು ಹುಚ್ಚ, ಇಪ್ಪತ್ತಮೂರು ಪೆದ್ದ. ಬೆಕ್ಕನ್ನು ಅವಳು ಮೆತ್ತಗೆ ಕೂಗುತ್ತಿದ್ದಳು; ಹಂದಿಯನ್ನು ಮೂಗಿನಲ್ಲಿ; ಎಂಟಾದ ಮೇಲೆ ಕಣ್ಣು ಮುಚ್ಚಿ ಒಂದು ಕ್ಷಣ ಸುಮ್ಮನಾಗುತ್ತಿದ್ದಳು. ಗಾಸ್ಪರೆಗೆ ಎಣಿಸುವುದೆಂದರೆ ಗೊತ್ತಿದ್ದದ್ದು ಇದೊಂದೇ ರೀತಿ.

ಅವನು ಎಣಿಸಿದ. ಗಾಳಿಯಲ್ಲಿ ಕೂದಲು ಹಾರುತ್ತಿತ್ತು, ಕಣ್ಣಿನಲ್ಲಿ ನೀರು ತುಂಬಿತ್ತು. ಎಂಟರಲ್ಲಿ ಕಣ್ಣು ಮುಚ್ಚಿ ನಿಂತ. ಹದಿನಾಲ್ಕರಲ್ಲಿ ಬಾಯಿ ವಕ್ರವಾಯಿತು. ಹದಿನಾರು ಹೇಳಿದ, ತುಟಿ ಬಿಗಿಹಿಡಿದ, ಉಗುಳು ನುಂಗಿದ, ಹದಿನೆಂಟು ಎಂದ. ಹದಿನೇಳು ಅವನ ಬಾಯಿಂದ ಬರುವಂತಿರಲಿಲ್ಲ. ಹದಿನೇಳೆಂದರೆ ದುರ್ದೆಸೆ, ತೋರ್ರೆಯಲ್ಲಿ ಹುಟ್ಟಿದವನು ಎತ್ತರದ ಗೋಪುರದ ಅಂಚಿನಲ್ಲಿ, ಕೊಳೆತ ಹಲಗೆಯ ಮೇಲೆ ನಿಂತುಕೊಂಡು ಆ ಅಂಕೆಯನ್ನು ಹೇಳುವುದಿಲ್ಲ. ಹುಡುಗನಾಗಿದ್ದಾಗ ತಾಯಿ ಒಮ್ಮೆ ಬುಟ್ಟಿಯನ್ನು ಅವನ ಕೈಗೆ ಕೊಟ್ಟಿದ್ದಳು. ಹದಿನೇಳು ಬಂದಾಗ ಅವನು ಯಾರಿಗೂ ಕಾಣದಂತೆ ಬಿಲ್ಲೆಯನ್ನು ಮತ್ತೆ ಬುಟ್ಟಿಗೆ ಜಾರಿಸಿದ್ದ. ಅದೇ ಒಂದು ಅಂಕೆಗಾಗಿ ಕಾಯುತ್ತಿದ್ದ ಮೇಲ್ಮನೆಯ ವಿಧವೆ ಅದನ್ನು ಕಂಡುಹಿಡಿದು ಕೂಗಾಡಿದಾಗ ತಾಯಿ ಎಲ್ಲರೆದುರು ಅವನ ಕೆನ್ನೆಗೆ ಬಾರಿಸಿದ್ದಳು. ಏಟು ತಿಂದರೂ ಅವನು ಕಲಿಯಲಿಲ್ಲ. ಮರುವರ್ಷವೂ ನುಂಗಿದ್ದ, ಮರುವರ್ಷವೂ ಏಟು ಬಿದ್ದಿತ್ತು.

ಇಪ್ಪತ್ತಮೂರಕ್ಕೆ, ಪೆದ್ದನಿಗೆ, ತ್ರಾಸ್ಮೊಂದಿ "ಸಾಕು!" ಎಂದ.

ಮುಂದಿನ ವಾರಗಳಲ್ಲಿ ಗಾಸ್ಪರೆಯ ಅದೃಷ್ಟ ಬೇರೆ ದೇಶಗಳಲ್ಲಿ ತೀರ್ಮಾನವಾಯಿತು. ದುಡ್ಡು ಹಾಕಿದ್ದ ಜರ್ಮನಿಯವರು, ಕೊಲೆಗಾರ ಜರ್ಮನ್ ಆಗಿದ್ದರೆ ತಮ್ಮ ಜನಕ್ಕೆ ಯಾವ್ಯಾವುದೋ ನೆನಪಾಗುತ್ತದೆ, ಬೇಡ ಎಂದರು. ಸ್ಪೇನಿನ ಸೆನ್ಸಾರಿನವರು, ಪಾದ್ರಿ ಸಾಯಬಹುದು, ಸಾಯಿಸುವಂತಿಲ್ಲ ಎಂದರು. ಫ್ರೆಂಚ್ ಹೆಂಗಸಿನ ಗಂಡ ಬಂದು, ಕುಂಟುವ ಮುದುಕಿ ಗೋಪುರ ಹತ್ತಿದ್ದು ಹೇಗೆಂದು ಕೇಳಿದ. ಯಾರಿಗೂ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಇಟಲಿಯ ಮರ್ಯಾದೆಯನ್ನು ಕಾಯಲು ಯಾರೂ ಇರಲಿಲ್ಲವಾಗಿ ಗಾಸ್ಪರೆ ಕೊಲೆಗಾರನಾದ.

ಡಬ್ಬಿಂಗ್ ಕೋಣೆಯಲ್ಲಿ ಎಲ್ಲರೂ ತಲೆ ಕೆರೆದುಕೊಂಡರು. ಗೋಪುರದ ಮೇಲಿನ ಆ ಬಾಯಿಗೆ ಯಾವ ತಪ್ಪೊಪ್ಪಿಗೆಯೂ ಕೂರುತ್ತಿರಲಿಲ್ಲ. ಬರೆಯುವವನು ತಾಯಿಯನ್ನು ತಂದ, ಅಕ್ಕನನ್ನು ತಂದ, ಬಾಲ್ಯದಲ್ಲಿ ಬಾವಿಗೆ ಬಿದ್ದ ಮೊಲವನ್ನು ತಂದ. ತುಟಿಗಳು ಒಪ್ಪಲಿಲ್ಲ. ಕಿವುಡನಿಗೂ ಗೊತ್ತಾಗುತ್ತಿತ್ತು, ಆ ಮನುಷ್ಯ ಎಣಿಸುತ್ತಿದ್ದಾನೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಗಾಸ್ಪರೆ ಎದ್ದುನಿಂತ.

"ಎಣಿಸ್ತಾ ಇದಾನೆ ಅಂದ್ರೆ ಎಣಿಸ್ತಾನೇ ಇರಲಿ. ಕೊಂದವರನ್ನ ಎಣಿಸ್ತಾ ಇದಾನೆ ಅಂದ್ಕೊಳ್ಳಿ."

ತ್ರಾಸ್ಮೊಂದಿ ಎರಡೂ ಕೈಗಳನ್ನು ಮೇಲೆತ್ತಿದ. "ನಾನು ಇದನ್ನೇ ಹೇಳ್ಬೇಕು ಅಂತಿದ್ದೆ!"

"ಆದ್ರೆ ಚಿತ್ರದಲ್ಲಿ ಸತ್ತಿರೋದು ಐದೇ ಜನ," ಎಂದ ಬರೆಯುವವನು.

"ಉಳಿದವರು ನಮಗೆ ಗೊತ್ತಿಲ್ಲದವರು. ಅದೇ ಭಯಂಕರ! ಮತ್ತೆ ಹದಿನೇಳು ಯಾಕಿಲ್ಲ?"

ಗಾಸ್ಪರೆ ಪ್ಯಾಂಟಿನ ಜೇಬಿನೊಳಗೆ ಬೀಗದಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಕಬ್ಬಿಣ ಮುಟ್ಟಿದರೆ ದೋಷ ತಟ್ಟುವುದಿಲ್ಲ. "ಮರೆತೋಯ್ತು," ಎಂದ.

"ಮರೆತಿದ್ದೇ ಒಳ್ಳೇದಾಯ್ತು. ಅಲ್ಲಿ ಒಂದು ಗಾಯ ಇದೆ. ಮುಟ್ಟಬೇಡಿ."

ಆ ದಿನ ತ್ರಾಸ್ಮೊಂದಿಯ ಮನಸ್ಸು ತುಂಬಿತ್ತು. ಗಾಸ್ಪರೆ ಕೇಳಿದ್ದಕ್ಕೆ ಒಪ್ಪಿಬಿಟ್ಟ. ಉಳಿದ ಚಿತ್ರಕ್ಕೆಲ್ಲ ಕವಲ್ಕಾಬೊ, ಗೋಪುರಕ್ಕೆ ಮಾತ್ರ ಗಾಸ್ಪರೆ. ಒಬ್ಬನಿಗೆ ಎರಡು ಧ್ವನಿ. ಒಡೆದ ಮನಸ್ಸು ಎಂದು ಹೇಳಿದರಾಯಿತು. ಗಾಸ್ಪರೆ ಕತ್ತಲೆಯಲ್ಲಿ ನಿಂತು, ತೆರೆಯ ಮೇಲಿನ ತನ್ನ ಮುಖವನ್ನೇ ನೋಡುತ್ತ ಎಣಿಸಿದ. ತೋರ್ರೆಯ ಮೀನು ಮಾರುಕಟ್ಟೆ ಮೈಕಿನೊಳಗೆ ಇಳಿಯಿತು. ಮುಗಿದಾಗ ಶಬ್ದಗ್ರಾಹಕ ಕಿವಿಯ ಮೇಲಿನ ಯಂತ್ರವನ್ನು ತೆಗೆದಿಟ್ಟ. ಕವಲ್ಕಾಬೊ ಬಾಗಿಲಲ್ಲಿ ನಿಂತಿದ್ದ. ಗಂಟಲಿಗೆ ಸುತ್ತಿದ್ದ ರೇಷ್ಮೆ ವಸ್ತ್ರವನ್ನು ಇನ್ನೊಂದು ಸುತ್ತು ಬಿಗಿದುಕೊಂಡು ಹೊರಟುಹೋದ.

ಗಾಸ್ಪರೆ ಓಡಿಹೋಗಿ ತಾಯಿಯ ಮನೆಯ ಕೆಳಗಿನ ಬಾರಿಗೆ ಫೋನು ಮಾಡಿದ. ಅವಳನ್ನು ಮಹಡಿಯಿಂದ ಇಳಿಸಿಕೊಂಡು ಬರಲು ಹೊತ್ತು ಹಿಡಿಯಿತು.

"ಅವ್ವಾ, ಈ ಸಲ ನನ್ನ ಧ್ವನೀನೇ ಕೇಳ್ಸುತ್ತೆ. ನಾನೇ ಬಂದು ಕರ್ಕೊಂಡು ಹೋಗ್ತೀನಿ."

"ಏನ್ ಮಾತಾಡ್ತೀಯ ಅದ್ರಾಗೆ?"

"ಎಣಿಸ್ತೀನಿ."

ಆ ಕಡೆ ಬಾರಿನ ಲೋಟಗಳ ಸದ್ದು ಕೇಳಿಸಿತು. "ಎಣ್ಸದಾ? ಅದ್ಕೆ ರೋಮಿಗಂಟ ಹೋಗ್ಬೇಕಾಗಿತ್ತೇನ್ಲಾ? ಇಲ್ಲೇ ಮೀನು ಎಣ್ಸ್‌ಕೊಂಡು ಇರ್ಬೈದಿತ್ತು."

ಆದರೂ ಅವಳು ಓಣಿಗೆಲ್ಲ ಹೇಳಿಕೊಂಡಳೆಂದು ನುನ್ಸಿಯಾ ಆಮೇಲೆ ತಿಳಿಸಿದಳು.

ಚಿತ್ರ ರೋಮಿನಲ್ಲಿ ತೆರೆಕಂಡಾಗ ಗಾಸ್ಪರೆ ಹೋಗಲಿಲ್ಲ. ತಾಯಿಗಿಂತ ಮೊದಲು ತಾನು ಕೇಳಿಸಿಕೊಳ್ಳಬಾರದೆಂದು ಅವನಿಗನ್ನಿಸಿತ್ತು. ಪತ್ರಿಕೆಗಳನ್ನು ಮಾತ್ರ ಓದಿದ. ಕೊಲೆಯ ಚಿತ್ರಗಳನ್ನು ಕಸವೆಂದು ಬದಿಗೊತ್ತುತ್ತಿದ್ದ ವಿಮರ್ಶಕರು ಈ ಸಲ ಕಸದಲ್ಲಿ ತತ್ವ ಕಂಡಿದ್ದರು. ಎಣಿಸುವ ಕೊಲೆಗಾರನೆಂದರೆ ಬಂಡವಾಳವೇ ಮಾತಾಡಿದಂತೆ ಎಂದು ಒಬ್ಬ ಬರೆದ. ನುಂಗಿದ ಹದಿನೇಳು ಪ್ರೇಕ್ಷಕನೇ, ಮುಂದಿನ ಬಲಿ ನಾವೇ ಎಂದು ಇನ್ನೊಬ್ಬ. ಬೊಲೋನ್ಯದ ಪ್ರಾಧ್ಯಾಪಕನೊಬ್ಬ ಹದಿನಾರಕ್ಕೂ ಹದಿನೆಂಟಕ್ಕೂ ನಡುವಿನ ಮೌನದ ಬಗ್ಗೆ ಉಪನ್ಯಾಸ ಕೊಟ್ಟ. ಉಗುಳು ನುಂಗಿದ್ದರ ಬಗ್ಗೆ ಅದಕ್ಕಿಂತ ಉದ್ದವಾಗಿ ಯಾರೂ ಮಾತಾಡಿರಲಾರರು. ತ್ರಾಸ್ಮೊಂದಿ ಕಪ್ಪು ಕನ್ನಡಕ ಹಾಕಿಕೊಂಡು ಸಂದರ್ಶನ ಕೊಡುತ್ತ, ಆ ಅಂಕೆಯ ಬಗ್ಗೆ ತಾನು ಏನೂ ಹೇಳುವುದಿಲ್ಲ ಎಂದು ಬಹಳ ಹೊತ್ತು ಹೇಳಿದ.

ಒಂದು ಬೆಳಿಗ್ಗೆ ದಾರಿಯಲ್ಲಿ ಸಿಕ್ಕ ತ್ರಾಸ್ಮೊಂದಿ ಗಾಸ್ಪರೆಗೆ ಕಾಫಿ ಕೊಡಿಸಿದ. ಹಿಂದೆಂದೂ ಕೊಡಿಸಿದವನಲ್ಲ. ಕುಡಿಯುವಾಗ ಕಪ್ಪನ್ನೇ ನೋಡುತ್ತಿದ್ದ. "ಕೊಮೆಂದಾತೋರೆ ಬಹಳ ಕಠಿಣ ಮನುಷ್ಯ ಕಣಯ್ಯಾ," ಎಂದ. "ಹೌದು," ಎಂದ ಗಾಸ್ಪರೆ. ನಿರ್ದೇಶಕ ತನಗೆ ಕಾಫಿ ಕೊಡಿಸುವ ಮಟ್ಟಕ್ಕೆ ತಾನು ಬೆಳೆದೆನೆಂದು ಅವನು ಹಿಗ್ಗಿದ್ದ. ಬೇರೇನೂ ಅವನಿಗೆ ಕೇಳಿಸುತ್ತಿರಲಿಲ್ಲ.

ಕ್ರಿಸ್ಮಸ್‌ಗೆ ಮುಂಚೆ ಚಿತ್ರ ತೋರ್ರೆಯ ಕೊರಾಲ್ಲೊ ಟಾಕೀಸಿಗೆ ಬಂತು. ಭಾನುವಾರ ಮಧ್ಯಾಹ್ನದ ಆಟ. ದೊನ್ನಾ ರೆಸ್ತಿತೂತಾ ಚರ್ಚಿಗೆ ಹೋಗುವ ಕಪ್ಪು ಉಡುಪು ತೊಟ್ಟು, ಚೀಲದಲ್ಲಿ ನೆನೆಸಿದ ಕಾಳು ತುಂಬಿಕೊಂಡು ಮಗನಿಗೂ ಮಗಳಿಗೂ ನಡುವೆ ಕೂತಳು. ಅರ್ಧ ಓಣಿ ಹಿಂದಿನ ಸಾಲುಗಳಲ್ಲಿತ್ತು. ಮೊದಲ ಹೆಣ ಬಿದ್ದಾಗ ಯಾರೋ "ಆ ಹಂದಿಮರಿ ಯಾಕೆ ಮಲಗೈತೆ?" ಎಂದು ಕೂಗಿದರು. ಕವಲ್ಕಾಬೊ ಮೊಳಗತೊಡಗಿದ.

"ಬಂದ ನೋಡು, ನಿನ್ ಸಾಹುಕಾರ," ಎಂದಳು ಮುದುಕಿ.

"ಸುಮ್ನಿರವ್ವಾ. ಇವನು ಕೊನೇವರೆಗೆ. ಕೊನೇಲಿ ನಾನು."

ಗೋಪುರ ಬಂತು. ಗಾಳಿ ಬೀಸಿತು. ಗಾಸ್ಪರೆ ತಾಯಿಯ ಮಣಿಕಟ್ಟು ಹಿಡಿದುಕೊಂಡ. "ಈಗ," ಎಂದ.

ತೆರೆಯ ತುಂಬ ಅವನ ಮುಖ. ಬಾಯಿ ತೆರೆಯಿತು.

"ಒಂದು," ಎಂದ ಕವಲ್ಕಾಬೊ.

ಎಣ್ಣೆ ಹಚ್ಚಿದ ಬಾಗಿಲು ಸಲೀಸಾಗಿ ತೆರೆದುಕೊಂಡಿತು. "ಎರಡು. ಮೂರು." ಗಾಸ್ಪರೆಗೆ ಮೊದಲು ಅರ್ಥವೇ ಆಗಲಿಲ್ಲ. ಯಂತ್ರ ಕೆಟ್ಟಿದೆಯೇನೋ ಎಂಬಂತೆ ಹಿಂದಕ್ಕೆ, ಪ್ರೊಜೆಕ್ಟರಿನ ಕಿಂಡಿಯ ಕಡೆ ನೋಡಿದ. ಅಲ್ಲಿಂದ ಬೆಳಕು ಮಾಮೂಲಿಯಾಗಿ ಬರುತ್ತಿತ್ತು. ಆಗ ಅವನಿಗೆ ಆ ಕಾಫಿ ನೆನಪಾಯಿತು. ಒಬ್ಬನಿಗೆ ಎರಡು ಧ್ವನಿ ಬಂದರೆ ಯಂತ್ರ ಕೆಟ್ಟಿದೆಯೆಂದು ಜನ ಕುರ್ಚಿ ಮುರಿಯುತ್ತಾರೆಂದು ಕೊಮೆಂದಾತೋರೆ ಹೇಳಿದ್ದನಂತೆ, ಗಾಸ್ಪರೆ ಎಣಿಸಿ ಹೋದ ದಿನವೇ ಕವಲ್ಕಾಬೊನನ್ನು ಕರೆಸಿ ಅವನಿಂದ ಎಣಿಕೆ ಹೇಳಿಸಿದ್ದನಂತೆ. ಗಾಸ್ಪರೆಗೆ ಅದು ತಿಳಿದದ್ದು ಎಷ್ಟೋ ದಿನ ಕಳೆದ ಮೇಲೆ. ಈಗ ತಿಳಿದದ್ದು ಇಷ್ಟೇ: ತಾನು ಅಲ್ಲಿಲ್ಲ. ತಾಯಿಯ ಮಣಿಕಟ್ಟನ್ನು ಬಿಟ್ಟುಬಿಟ್ಟ. ನುನ್ಸಿಯಾ ಅವನ ಕಡೆ ನೋಡದೆ ತೆರೆಯನ್ನೇ ನೋಡುತ್ತಿದ್ದಳು.

"ನಾಲ್ಕು," ಎಂದಿತು ಆ ಧ್ವನಿ, ಮೂಗು ಸಿಂಡರಿಸಿದ ಮುಖದ ಬಾಯಿಗೆ ಹೊಂದಿಕೊಳ್ಳಲು ತಿಣುಕುತ್ತ.

"ಹಂದಿ," ಎಂದಳು ಮುದುಕಿ, ತನ್ನಷ್ಟಕ್ಕೆ.

ಐದು, ಆರು, ಏಳು. ಬಾಯಿ ಆಗಲೇ ತೆರೆಯಬೇಕಾದಲ್ಲಿ ತೆರೆಯದೆ, ಮುಚ್ಚಬೇಕಾದಲ್ಲಿ ಮುಚ್ಚದೆ ಹೋಗುತ್ತಿತ್ತು; ಕವಲ್ಕಾಬೊ ಅದರ ಹಿಂದೆ ಓಡುತ್ತಿದ್ದ. "ಎಂಟು." ಆಮೇಲೆ ಏನೂ ಇಲ್ಲ. ತೆರೆಯ ಮೇಲಿನ ಮುಖ ಕಣ್ಣು ಮುಚ್ಚಿತ್ತು. ಅಲ್ಲಿ ತುಂಬಲು ಕವಲ್ಕಾಬೊನ ಬಳಿ ಏನೂ ಇರಲಿಲ್ಲ. ಟಾಕೀಸಿನಲ್ಲಿ ಗಾಳಿಯ ಸದ್ದು ಮಾತ್ರ.

ಮುದುಕಿಯ ದವಡೆ ನಿಂತಿತು. ಬಾಯಲ್ಲಿದ್ದ ಕಾಳನ್ನು ನುಂಗಿದಳು. ತಲೆಯನ್ನು ಒಂದು ಕಡೆಗೆ ವಾಲಿಸಿ, ಬುಟ್ಟಿಯೊಳಗಿನ ಬಿಲ್ಲೆಗಳ ಸದ್ದು ಕೇಳುವವಳಂತೆ ಕಿವಿಗೊಟ್ಟಳು. ಒಂಬತ್ತು, ಹತ್ತು. ಅವಳ ಬೆರಳು ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು. ಧ್ವನಿಗಿಂತ ಕೂದಲೆಳೆಯಷ್ಟು ಮೊದಲೇ ಬೀಳುತ್ತಿತ್ತು. ಹದಿಮೂರು. ಹದಿನಾಲ್ಕು. ಹದಿನೈದು. "ಹದಿನಾರು," ಎಂದ ಕವಲ್ಕಾಬೊ, ತಡೆದ, ಸುಮ್ಮನಾದ.

ಬೆರಳು ಗಾಳಿಯಲ್ಲಿ ನಿಂತಿತ್ತು.

"ಹದಿನೆಂಟು."

ದೊನ್ನಾ ರೆಸ್ತಿತೂತಾ ಎದ್ದುನಿಂತಳು. ಚೀಲ ಜಾರಿ ಕಾಳೆಲ್ಲ ನೆಲದ ಮೇಲೆ ಚೆಲ್ಲಿತು.

"ಹದಿನೇಳು ಎಲ್ಲೋ?" ಎಂದು ಕೂಗಿದಳು. "ಹದಿನೇಳು ನುಂಗಿದ! ಇವ್ನು ನನ್ ಮಗ ಕಣ್ರೇ! ನನ್ ಗಾಸ್ಪರೆ ಕಣ್ರೇ ಇವ್ನು!"

ಆ ಅಂಕೆ ಕೇಳಿ ಟಾಕೀಸಿನ ಅರ್ಧಕ್ಕರ್ಧ ಜನ ಬೀಗದಕೈ ಹುಡುಕಿದರು. ಉಳಿದವರು ದೋಷ ಕಳೆಯಲು ಬೆರಳುಗಳಲ್ಲಿ ಕೊಂಬು ಮಾಡಿ ನೆಲದತ್ತ ಚಾಚಿದರು. "ದೊನ್ನಾ, ಕೂತ್ಕೊಳ್ಳಿ! ಭಾನುವಾರಾನೇ ಈ ಮಾತಾ?" "ಆ ಮುದುಕೀನ ಯಾರಾದ್ರೂ ಹಿಡ್ಕೊಳ್ರೋ!" ಅವಳು ಯಾರ ಮಾತಿಗೂ ಕಿವಿಗೊಡಲಿಲ್ಲ. ಕತ್ತಲಲ್ಲಿ ಕೈಯಾಡಿಸಿ ಮಗನ ತಲೆ ಹುಡುಕಿ, ಮೂಗು ಹುಡುಕಿ, ಕೆನ್ನೆ ಹುಡುಕಿ, ಛಟೀರೆಂದು ಒಂದು ಬಿಟ್ಟಳು. ಆಮೇಲೆ ಕೂತಳು.

ತೆರೆಯ ಮೇಲೆ ಕೊಲೆಗಾರ ಕವಲ್ಕಾಬೊನ ಗಂಟಲಿನಲ್ಲಿ ಕಿರುಚುತ್ತ ಗೋಪುರದಿಂದ ಬಿದ್ದ.

"ಆ ಕೂಗು ನಿಂದಲ್ಲ," ಎಂದಳು ತಾಯಿ.

"ಅಲ್ಲ ಅವ್ವಾ. ಎಣಿಸಿದ್ದೂ ನಾನಲ್ಲ. ಧ್ವನಿ ಬೇರೆಯವನದು."

"ಗೊತ್ತು ಕಣ್ಲಾ. ಮಾತು ಯಾವನ್ದೋ. ನಿಲ್ಸದು ನಿಂದು."

ದೀಪ ಹತ್ತಿಕೊಂಡಿತು. ಜನ ಅವರನ್ನು ದಾಟುವಾಗ ಒಂದಿಷ್ಟು ದೂರದಿಂದ ದಾಟಿದರು. ಗಾಸ್ಪರೆ ನೆಲಕ್ಕೆ ಬಗ್ಗಿ ಕಾಳು ಆರಿಸಿ ಚೀಲಕ್ಕೆ ತುಂಬಿದ. ಕೆನ್ನೆ ಇನ್ನೂ ಉರಿಯುತ್ತಿತ್ತು. ಹೊರಗೆ ಮುಂದಿನ ಆಟಕ್ಕೆ ಸಾಲು ನಿಂತಿತ್ತು. ಭಿತ್ತಿಪತ್ರದಲ್ಲಿ ಜಾಸ್ಪರ್ ಪಾಮರ್ ಎಂಬವನು ಮುಳ್ಳುಹಂದಿಯೊಂದರ ಮೇಲಿನ ಆಕಾಶದಿಂದ ಎಲ್ಲರನ್ನೂ ದಿಟ್ಟಿಸುತ್ತಿದ್ದ. ಟಿಕೆಟ್ ಕಿಟಕಿಯ ಮುಂದೆ ತಾಯಿ ನಿಂತಳು, ಕದಲಲಿಲ್ಲ.

"ಹೇಳು," ಎಂದಳು.

"ಏನು?"

"ನುಂಗಿದ್ದು. ಹೇಳದೆ ಮನೆಗೆ ಬರಾಕಿಲ್ಲ ನಾನು."

"ಅವ್ವಾ, ಇಲ್ಲಿ ಬೇಡ. ಜನ ಇದಾರೆ."

"ಇದ್ರೆ ಇರ್ಲಿ. ಹೇಳು."

ಗಾಸ್ಪರೆ ಸಾಲಿನ ಕಡೆ ನೋಡಿದ. ಜೇಬಿನಲ್ಲಿ ಬೀಗದಕೈಗೆ ಕೈ ಹೋಯಿತು; ಹಾಗೆಯೇ ಖಾಲಿ ಹೊರಗೆ ತೆಗೆದ. ಗಂಟಲು ಸರಿಮಾಡಿಕೊಂಡ.

"ಹದಿನೇಳು," ಎಂದ, ಬೀದಿಗೆಲ್ಲ ಕೇಳುವಂತೆ.

"ತೂ! ಬಾಯಿಗೆ ಮಣ್ಣು ಬೀಳ!" ಎಂದು ಟಿಕೆಟ್ ಕೊಡುವ ಹೆಂಗಸು ಕಿಟಕಿಯ ಕಬ್ಬಿಣದ ಸರಳನ್ನು ಹಿಡಿದುಕೊಂಡಳು. ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿ ಅವನನ್ನು ಬೈಯತೊಡಗಿದರು, ಅವನ ಮೂಗನ್ನು, ಅವನ ವಂಶದಲ್ಲಿ ಸತ್ತವರನ್ನು, ಅವನ ಆ ಕರ್ಕಶ ಧ್ವನಿಯನ್ನು.

"ಕೇಳುಸ್ತಾ?" ಎಂದಳು ದೊನ್ನಾ ರೆಸ್ತಿತೂತಾ, ಮಗನ ತೋಳು ಹಿಡಿದುಕೊಂಡು. "ಈಗ ನಡಿ."